ವೈಫೈ ಹಾಕಿ ಹೋದವರೇ, ಬೀಗದ ಕೈ ಯಾರ ಹತ್ರ ಇದೆ?

ಪಹಣಿ ತೆಗೆಸಲು ಅಕ್ಕೂರಿನ ಒಂದು ಆನ್‌ಲೈನ್ ಅಂಗಡಿಗೆ ಹೋಗಿದ್ದೆವು. ಗೋಡೆ ಮೇಲೆ, ದೇವರ ಫೋಟೊ ಪಕ್ಕದಲ್ಲೇ ವೈಫೈ ಪಾಸ್‌ವರ್ಡ್ ಬರೆದು ಅಂಟಿಸಿದ್ದರು. ಒಂದರಿಂದ ಎಂಟರವರೆಗಿನ ಅಂಕಿ, ಅಷ್ಟೇ.

'ಇದ್ಯಾಕಣ್ಣ ಹಿಂಗೆ?' ಅಂದೆವು.

'ಕನೆಕ್ಷನ್ ಕೊಟ್ಟ ಹುಡುಗ ಇಟ್ಟೋಗಿದ್ದು. ನಮ್ಮೂರಲ್ಲಿ ಯಾರು ಹ್ಯಾಕ್ ಮಾಡ್ತಾರೆ ಬುಡಿ' ಅಂತ ನಕ್ಕರು.

ನಗುವ ಮಾತಲ್ಲ. ಆ ಕಂಪ್ಯೂಟರಿನಲ್ಲಿ ಅರ್ಧ ಊರಿನ ಆಧಾರ್ ಕಾರ್ಡು, ಪಾಸ್‌ಬುಕ್ಕು, ಜಾತಿ ಸರ್ಟಿಫಿಕೇಟು ಸ್ಕ್ಯಾನ್ ಆಗಿ ಕೂತಿವೆ. ಸ್ಕ್ಯಾನ್ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿಗೆ ಶೇರ್ ಮಾಡಿ ಅದಕ್ಕೆ ಪಾಸ್‌ವರ್ಡ್ ಇಡದಿದ್ದರೆ, ಎದುರಿನ ಟೀ ಅಂಗಡಿಯಲ್ಲಿ ಕೂತವರೂ ಅದೇ ವೈಫೈ ಹಿಡಿದು ಒಳಗೆ ಕೈ ಹಾಕಬಹುದು.

ಬ್ಯಾಂಕ್ ಆ್ಯಪಿನ ದುಡ್ಡು ವೈಫೈಯಲ್ಲೇ ಹಾರಿಹೋಗುತ್ತೆ ಅಂತ ಹೆದರಿಸುವ ವಾಟ್ಸ್‌ಆ್ಯಪ್ ಮೆಸೇಜುಗಳನ್ನು ನಾವು ನಂಬಲ್ಲ. ಬ್ಯಾಂಕ್ ಆ್ಯಪು ತನ್ನ ಮಾತನ್ನು ತಾನೇ ಗೂಢಲಿಪಿ ಮಾಡಿ ಕಳಿಸುತ್ತೆ. ಭಯ ಇರೋದು ಬೇರೆ ಕಡೆ.

2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟ ಆಯಿತು. ಅದಕ್ಕೆ ಸ್ವಲ್ಪ ಮುಂಚೆ ಒಂದು ಬೆದರಿಕೆ ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋಗಿ ನಿಂತಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕದವರ ಮನೆ ಬಾಗಿಲಿಗೆ. ಮೇಲ್ ಕಳಿಸಿದ್ದು ಬೇರೆಯವರು, ವೈಫೈ ಮಾತ್ರ ಇವರದ್ದು. ಬಿಲ್ ಯಾರ ಹೆಸರಲ್ಲಿದೆಯೋ ಅವರನ್ನೇ ಮೊದಲು ಹುಡುಕಿಕೊಂಡು ಬರ್ತಾರೆ. ಮರುವರ್ಷವೇ ದೂರಸಂಪರ್ಕ ಇಲಾಖೆ ವೈಫೈ ಭದ್ರತೆ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ಇಷ್ಟು ವರ್ಷ ಆದಮೇಲೂ ಹಳ್ಳಿಗೆ ಬರುವ ಕನೆಕ್ಷನ್ ಹೆಂಗಿದೆ? ಕಂಬದಿಂದ ವೈರ್ ಎಳೆದು, ಗೋಡೆಗೆ ತೂತು ಕೊರೆದು, ಸ್ಪೀಡ್ ತೋರಿಸಿ, ದುಡ್ಡು ಇಸ್ಕೊಂಡು ಅರ್ಧ ಗಂಟೆಯಲ್ಲಿ ಮಾಯ. ಡಬ್ಬಿಯಲ್ಲಿರುವ ಪುಸ್ತಕ ಇಂಗ್ಲಿಷಿನದ್ದು. ಆಮೇಲೆ 'ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ' ಅನ್ನೋ ಉಪದೇಶ ಬೇರೆ!

ರೂಟರಿಗೆ ಎರಡು ಪಾಸ್‌ವರ್ಡ್ ಇರ್ತವೆ. ಒಂದು ವೈಫೈ ಸೇರೋಕೆ, ಇನ್ನೊಂದು ರೂಟರ್ ಸೆಟ್ಟಿಂಗ್ ತೆಗೆಯೋಕೆ. ಈ ಎರಡನೆಯದನ್ನು ನಮಗೆ ಹೇಳುವವರೇ ಇಲ್ಲ. ಎಷ್ಟೋ ರೂಟರುಗಳಲ್ಲಿ ಅದು ಈಗಲೂ 'ಅಡ್ಮಿನ್' ಅಂತಲೇ ಇರುತ್ತೆ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಇಂಥ ಫ್ಯಾಕ್ಟರಿ ಪಾಸ್‌ವರ್ಡುಗಳನ್ನೇ ಬಳಸಿ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡಿತ್ತು. ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ಜೇಬಿಗೆ ಹಾಕ್ಕೊಂಡು ಹೋದರೆ ಸುಮ್ಮನಿರ್ತೀವಾ?

ಪಕ್ಕದ ಮನೆ ಮಕ್ಕಳಿಗೆ ವೈಫೈ ಕೊಡಬೇಡಿ ಅಂತ ನಾವು ಹೇಳಲ್ಲ. ಕೊಡಿ, ಆದರೆ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅದನ್ನು ಕೊಡಿ. ಅಂಗಡಿ ಕಂಪ್ಯೂಟರ್ ಬೇರೆ ನೆಟ್‌ವರ್ಕಿನಲ್ಲೇ ಇರಲಿ. ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಗಿರಬೇಕು. ಡಬ್ಲ್ಯುಪಿಎಸ್ ಆಫ್ ಆಗಿರಬೇಕು, ಅದರ ಪಿನ್ ಮುರಿಯೋದು ಸುಲಭ ಅಂತ 2011ರಲ್ಲೇ ಬಯಲಾಗಿದೆ. ಪಾಸ್‌ವರ್ಡಿಗೆ ಫೋನ್ ನಂಬರ್ ಬೇಡ, ಮಗಳ ಹೆಸರೂ ಬೇಡ. ಸಂಬಂಧವೇ ಇಲ್ಲದ ನಾಲ್ಕು ಪದ ಸೇರಿಸಿ: ರಾಗಿ, ರೈಲು, ಬೊಂಬೆ, ಹುಣಸೆ ಅಂತ. (ಇದನ್ನೇ ಇಡಬೇಡಿ ಮತ್ತೆ, ಎಲ್ಲರೂ ಓದಿಯಾಯ್ತು.)

ಇದೆಲ್ಲ ನಿಮ್ಮ ಕೈಲಿ ಆಗಲ್ಲ ಅನ್ನಿಸಿದರೆ, ಮಾಡಿಕೊಡಬೇಕಾದವರು ದುಡ್ಡು ತಗೊಂಡವರು. ಮುಂದಿನ ಬಿಲ್ಲಿಗೆ ಆ ಹುಡುಗ ಬಂದಾಗ ಕೂರಿಸಿ, ಕಾಫಿ ಕೊಡಿ. ಎರಡೂ ಪಾಸ್‌ವರ್ಡ್ ನಿಮ್ಮೆದುರೇ ಬದಲಾಯಿಸಿ ಚೀಟಿಯಲ್ಲಿ ಬರೆದುಕೊಟ್ಟ ಮೇಲೆ ದುಡ್ಡು ಎಣಿಸಿ.