ಅರಿವಿಗೂ ಕುಲವುಂಟೆ?

1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ಶ್ರೀ ರಾಜಗೋಪಾಲಾಚಾರಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸದೊಂದು ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರೇ ಗಂಟೆ ಪಾಠ. ಉಳಿದ ಹೊತ್ತು ಮನೆಯಲ್ಲಿ ತಂದೆಯ ಕಸುಬಿನ ಕಲಿಕೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಆ ರಾಜ್ಯಕ್ಕೇ ಸೇರಿತ್ತು; ಆದ್ದರಿಂದ ಇದು ಪರರ ಕಥೆಯಲ್ಲ.

ಸರ್ಕಾರದ ವಾದ ಕೇಳಲು ಹಿತವಾಗಿಯೇ ಇತ್ತು. ಬೊಕ್ಕಸದಲ್ಲಿ ಹಣವಿಲ್ಲ, ಎರಡು ಪಾಳಿ ಮಾಡಿದರೆ ಅದೇ ಕಟ್ಟಡದಲ್ಲಿ, ಅದೇ ಉಪಾಧ್ಯಾಯರಿಂದ ಹೆಚ್ಚು ಮಕ್ಕಳು ಕಲಿಯುತ್ತಾರೆ, ಕೈಕಸುಬಿಗೂ ಮರ್ಯಾದೆ ಬರುತ್ತದೆ. ಗಿರಣಿಯ ಪಾಳಿಯಲ್ಲಿ ದುಡಿಯುವ ನಮಗೆ ಈ ಲೆಕ್ಕ ತಿಳಿಯದ್ದೇನಲ್ಲ.

ಆದರೆ ನಷ್ಟ ಯಾರಿಗೆ? ಶಾನುಭೋಗರ ಮಗು ಮಧ್ಯಾಹ್ನ ಮನೆಗೆ ಹೋದರೂ ಅಕ್ಷರದ ನಡುವೆಯೇ ಇರುತ್ತದೆ. ಕುಂಬಾರರ ಮಗುವಿಗೆ ಅಕ್ಷರ ಸಿಗುವ ಜಾಗ ಶಾಲೆಯೊಂದೇ. ಇಬ್ಬರಿಗೂ ಒಂದೇ ನಿಯಮ. ಒಬ್ಬನಿಗೆ ಮಾತ್ರ ಬಾಗಿಲು ಮುಚ್ಚಿತು.

ಹೊಟ್ಟೆಗೆ ಮಾಡಿದ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಅರಿವಿಗೆ ಮಾಡಿದ ಅನ್ಯಾಯ ಕಾಣುವುದಿಲ್ಲ. ಆ ಮಗು ಬೆಳೆದು ಕೂಲಿಯ ಲೆಕ್ಕ ತಪ್ಪಿದೆ ಎಂದಾಗ "ನಿನಗೇನು ಗೊತ್ತು?" ಎಂಬ ಉತ್ತರ ಬರುತ್ತದೆ. ತನಗಾದ ಮೋಸವನ್ನು ವಿವರಿಸಲು ಮಾತಿಲ್ಲ, ವಿವರಿಸಿದರೂ ನಂಬುವವರಿಲ್ಲ. ಮೊದಲು ಕಲಿಯಗೊಡುವುದಿಲ್ಲ, ಆಮೇಲೆ ಕಲಿತಿಲ್ಲವೆಂದು ಕಡೆಗಣಿಸುತ್ತಾರೆ.

ಜನ ಸುಮ್ಮನಿರಲಿಲ್ಲ. ಇದು ಕುಲಶಿಕ್ಷಣವೆಂದು ಪೆರಿಯಾರ್ ರಾಮಸ್ವಾಮಿಯವರು ಚಳವಳಿ ಹೂಡಿದರು. ಆಳುವ ಕಾಂಗ್ರೆಸ್ಸಿನೊಳಗೇ ವಿರೋಧ ಎದ್ದಿತು. 1954ರಲ್ಲಿ ರಾಜಗೋಪಾಲಾಚಾರಿಯವರು ಅಧಿಕಾರ ಬಿಟ್ಟರು; ಅವರ ನಂತರ ಬಂದ ಶ್ರೀ ಕಾಮರಾಜರ ಸರ್ಕಾರ ಅದೇ ವರ್ಷ ಯೋಜನೆಯನ್ನು ಕೈಬಿಟ್ಟಿತು.

ಯೋಜನೆ ಹೋಯಿತು, ಅದರ ಹಿಂದಿನ ಬುದ್ಧಿ ಹೋಗಿಲ್ಲ. ಅಂಗಡಿಯಲ್ಲಿ ಕುಳಿತು ಮುಕ್ಕಾಲು ಕಿಲೋ ಬೇಳೆಯ ಬೆಲೆಯನ್ನು ಬಾಯಲ್ಲೇ ಹೇಳುವ ಹುಡುಗ, ಅದೇ ಲೆಕ್ಕವನ್ನು ತನ್ನದಲ್ಲದ ಭಾಷೆಯಲ್ಲಿ ಕೇಳಿದಾಗ ದಡ್ಡನೆನಿಸಿಕೊಳ್ಳುತ್ತಾನೆ. "ಇವನಿಗೆ ಓದು ಹತ್ತುವುದಿಲ್ಲ, ಏನಾದರೂ ಕೆಲಸ ಕಲಿಸಿ" ಎಂಬ ಬುದ್ಧಿವಾದ ಇಂದಿಗೂ ನಮ್ಮ ಕೇರಿಗಳಿಗೇ ಬರುತ್ತದೆ, ಬಂಗಲೆಗಳಿಗೆ ಬರುವುದಿಲ್ಲ.

ಕಸುಬು ಕೀಳೆಂದು ನಾವು ಹೇಳುತ್ತಿಲ್ಲ. ಕಸುಬಿನ ಅರಿವು ಶಾಲೆಯೊಳಗೆ ಬರಲಿ. ಅದನ್ನೇ ಶಾಲೆಯ ಬಾಗಿಲಿಗೆ ಅಗುಳಿ ಮಾಡುವುದು ಬೇಡ.

2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳೇ, ಪೋಷಕರೇ ಇರಬೇಕು. ಬಂಧುಗಳೇ, ಆ ಜಾಗ ನಿಮ್ಮದು. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಒಂದು ಹೊತ್ತು ಅಂಗಡಿ ಮುಚ್ಚಿದರೂ ಚಿಂತೆಯಿಲ್ಲ. ಸಭೆಗೆ ಹೋಗಿ, ಕುಳಿತು, ಕೇಳಿ. ನಮ್ಮ ಮಕ್ಕಳ ಯೋಗ್ಯತೆಯನ್ನು ನಮ್ಮನ್ನು ಕೇಳದೆ ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ.