ಸೈಟ್ ಮಲಗಿದರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ

ನಾವು ನಾಲ್ಕು ಜನ ಸ್ಟ್ರಿಂಗರ್‌ಗಳು ಸೇರಿ ತಾಲ್ಲೂಕಿನ ಸುದ್ದಿಗೆಂದೇ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದೇವೆ. ಜಾಂಗೋ ಬಲ್ಲ ಗೆಳೆಯನೊಬ್ಬ ಕಟ್ಟಿಕೊಟ್ಟ. ಆಮೇಲಿನ ಸಣ್ಣಪುಟ್ಟ ಬದಲಾವಣೆಗಳನ್ನು ನಾನೇ ಕಲಿತು ನೇರವಾಗಿ ಸರ್ವರ್‌ನಲ್ಲೇ ಮಾಡುತ್ತಿದ್ದೆ. ಒಂದು ದಿನ ಪಂಚಾಯಿತಿ ಕಾಮಗಾರಿ ಬಿಲ್ಲಿನ ಸುದ್ದಿ ಹಾಕಿದ್ದೆವು, ಓದುಗರು ಚೆನ್ನಾಗಿ ಬರುತ್ತಿದ್ದರು. ಅದೇ ಹೊತ್ತಿಗೆ ನಾನು ಒಂದು ಸಾಲು ತಿದ್ದಿ ಸರ್ವರ್ ಮತ್ತೆ ಚಾಲೂ ಮಾಡಿದೆ. ಸೈಟ್ ಮಲಗಿತು. ತೆರೆದ ಆವರಣ ಚಿಹ್ನೆಯೊಂದನ್ನು ಮುಚ್ಚಿರಲಿಲ್ಲ, ಅಷ್ಟೆ. ಆದರೆ ಫೋನ್ ಮಾಡಿದವರು ಕೇಳಿದ್ದು, 'ಸುದ್ದಿ ತೆಗೆಸಿದರಾ? ಎಷ್ಟು ಕೊಟ್ಟರು?'

ಅಂದೇ ತೀರ್ಮಾನಿಸಿದೆ: ನಮ್ಮಂಥ ಸಣ್ಣ ತಾಣಗಳಿಗೆ ಸ್ವಂತ ಕಂಪ್ಯೂಟರ್‌ನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಇದು ತಂತ್ರಜ್ಞರ ಶೋಕಿಯಲ್ಲ, ನಂಬಿಕೆಯ ಪ್ರಶ್ನೆ.

ಕೆಲಸ ದೊಡ್ಡದೇನಲ್ಲ. ಪೈಥಾನ್ ಹಾಕಿಕೊಂಡು, ಈ ಸೈಟಿಗೆಂದೇ ಪ್ರತ್ಯೇಕ 'ವರ್ಚುವಲ್ ಎನ್ವಿರಾನ್‌ಮೆಂಟ್' ಮಾಡಿ, ಸರ್ವರ್‌ನಲ್ಲಿರುವ ಆವೃತ್ತಿಯದೇ ಜಾಂಗೋ ಇಳಿಸಿಕೊಳ್ಳಬೇಕು. 'ಮೈಗ್ರೇಟ್' ಆಜ್ಞೆ ಕೊಟ್ಟರೆ ಡೇಟಾಬೇಸ್‌ನ ಕೋಷ್ಟಕಗಳು ಸಿದ್ಧವಾಗುತ್ತವೆ. 'ರನ್‌ಸರ್ವರ್' ಎಂದರೆ ಬ್ರೌಸರ್‌ನಲ್ಲಿ 127.0.0.1:8000 ವಿಳಾಸದಲ್ಲಿ ಸೈಟ್ ತೆರೆದುಕೊಳ್ಳುತ್ತದೆ. ಅದು ನಿಮ್ಮ ಯಂತ್ರದೊಳಗಿನ ವಿಳಾಸ. ಒಮ್ಮೆ ಎಲ್ಲ ಇಳಿಸಿಕೊಂಡ ಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ, ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಹಾಗೆ.

ಕಣ್ಣಿಗೆ ಸರಿ ಕಂಡರೆ ಸಾಲದು, ಪರೀಕ್ಷೆಯನ್ನೂ ಬರೆದಿಡಬೇಕು. ಒಂದು ಉದಾಹರಣೆ ಕೊಡುತ್ತೇನೆ. ಶೀರ್ಷಿಕೆಯಿಂದ ಸುದ್ದಿಯ ವಿಳಾಸ ಮಾಡಲು ಜಾಂಗೋದಲ್ಲಿ 'ಸ್ಲಗಿಫೈ' ಎಂಬುದಿದೆ. ಸುಮ್ಮನೆ ಬಳಸಿದರೆ ಕನ್ನಡ ಅಕ್ಷರಗಳನ್ನೆಲ್ಲ ಕಿತ್ತುಹಾಕಿ ಖಾಲಿ ಕೊಡುತ್ತದೆ. ಯೂನಿಕೋಡ್‌ಗೆ ಅನುಮತಿ ಕೊಟ್ಟರೂ ಅಕ್ಷರ ಮಾತ್ರ ಉಳಿದು ಕೊಂಬು, ಏತ್ವ, ಒತ್ತಿನ ಚಿಹ್ನೆಗಳು ಉದುರುತ್ತವೆ. 'ಕೊಲೆ' ಎಂದರೂ 'ಕಲ', 'ಕಲೆ' ಎಂದರೂ 'ಕಲ'. ಒಂದು ವಿಳಾಸ ಒಂದೇ ಸುದ್ದಿಗೆ ಎಂದು ನಿಯಮ ಇಟ್ಟಿದ್ದರೆ ಎರಡನೆಯದು ಸೇವ್ ಆಗುವುದೇ ಇಲ್ಲ. ಇಂಗ್ಲಿಷ್ ಶೀರ್ಷಿಕೆ ಹಾಕಿ ನೋಡುವ ಡೆವಲಪರ್‌ಗೆ ಇದು ಎಂದೂ ಕಾಣದು. ಕನ್ನಡದಲ್ಲಿ ಕೆಲಸ ಮಾಡುವ ನಾವೇ ನೋಡಬೇಕು. ನಾವು ವಿಳಾಸಕ್ಕೆ ಸುದ್ದಿಯ ಸಂಖ್ಯೆಯನ್ನೇ ಇಟ್ಟುಕೊಂಡೆವು. ಈ ಎರಡು ಶೀರ್ಷಿಕೆಗಳಿಗೆ ಬೇರೆ ಬೇರೆ ವಿಳಾಸ ಸಿಗಬೇಕು ಎಂಬ ಪರೀಕ್ಷೆಯನ್ನೂ ಬರೆದೆವು. 'ಟೆಸ್ಟ್' ಆಜ್ಞೆ ಕೊಟ್ಟಾಗ ಜಾಂಗೋ ತಾತ್ಕಾಲಿಕ ಡೇಟಾಬೇಸ್ ಮಾಡಿ, ಪರೀಕ್ಷಿಸಿ, ಕೊನೆಗೆ ಅಳಿಸುತ್ತದೆ. ನಿಜವಾದ ಸುದ್ದಿಗಳಿಗೆ ಏನೂ ಆಗುವುದಿಲ್ಲ.

ಎರಡು ಎಚ್ಚರಿಕೆ. ಮನೆಯಲ್ಲಿ 'ಡಿಬಗ್' ಚಾಲೂ ಇರಲಿ, ತಪ್ಪು ಎಲ್ಲಿದೆ ಎಂದು ತೋರಿಸುತ್ತದೆ. ಸರ್ವರ್‌ನಲ್ಲಿ ಅದನ್ನು ಆರಿಸಲೇಬೇಕು, ಇಲ್ಲದಿದ್ದರೆ ಒಳಗಿನ ವಿವರಗಳು ಬಂದವರಿಗೆಲ್ಲ ಕಾಣುತ್ತವೆ. ಇನ್ನೊಂದು, ಓದುಗರ ಫೋನ್ ನಂಬರ್ ಇರುವ ನಿಜವಾದ ಡೇಟಾಬೇಸನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಬೇಡಿ. ಗುಟ್ಟಾಗಿ ಮಾಹಿತಿ ಕೊಟ್ಟವರ ನಂಬರೂ ಅದರಲ್ಲಿರಬಹುದು. ಪರೀಕ್ಷೆಗೆ ಸುಳ್ಳು ಹೆಸರು, ಸುಳ್ಳು ಸುದ್ದಿ ಸಾಕು. ಸುಳ್ಳು ಸುದ್ದಿ ಬರೆಯಲು ನಮಗೆ ಪರವಾನಗಿ ಇರುವ ಜಾಗ ಅದೊಂದೇ.

ಗೆಳೆಯರು ಕೇಳುತ್ತಾರೆ, 'ಸುದ್ದಿಗೆ ಇಷ್ಟು ಅಂತ ಸಂಭಾವನೆ ಪಡೆಯುವವರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ?' ನಿಜ. ಮೊದಲ ಸಲ ಹೊಂದಿಸಲು ನನಗೆ ಎರಡು ರಾತ್ರಿ ಹಿಡಿಯಿತು. ಈಗ ಪ್ರತಿ ಬದಲಾವಣೆಗೆ ಹತ್ತು ನಿಮಿಷ. ಸತ್ತವರ ಹೆಸರು, ಊರು, ವಯಸ್ಸನ್ನು ಎರಡು ಸಲ ನೋಡಿ ಕಳಿಸು ಎಂದು ಡಿಪ್ಲೊಮಾದಲ್ಲಿ ಕಲಿಸಿದ್ದರು. ಅದಕ್ಕೂ ಪುರುಸೊತ್ತು ಇರಲಿಲ್ಲ, ಆದರೂ ಮಾಡುತ್ತಾ ಬಂದಿದ್ದೇವೆ. ಆ ಪಂಚಾಯಿತಿ ಸುದ್ದಿ ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂತು. ನಾವು ದುಡ್ಡು ತೆಗೆದುಕೊಂಡಿರಲಿಲ್ಲ ಎಂದು ಎಲ್ಲರೂ ನಂಬಿದ್ದಾರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.