ತುತ್ತು ಬಾಯಿಗೆ ಮುಟ್ಟಬೇಕು

ಕೆಜಿಎಫ್, ಬಂಗಾರಪೇಟೆ ಕಡೆ ಮೊಣಕೈ ಮುರಿದುಕೊಂಡವರಿಗೆ ಊರೆಲ್ಲ ವೈದ್ಯರೇ. ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿ ಅನ್ನುವವರು ಕೆಲವರು. ಕೋಲಾರದ ಟಮಕದಲ್ಲಿರುವ ಜಾಲಪ್ಪ ಆಸ್ಪತ್ರೆಗೋ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಗೋ ಹೋಗಿ, ಪ್ಲೇಟು ಹಾಕಿಸಿ ಅನ್ನುವವರು ಉಳಿದವರು.

ಪುತ್ತೂರು ಕಟ್ಟನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಮೂಳೆ ಬರೀ ಬಿರುಕು ಬಿಟ್ಟು, ಜಾಗ ಬಿಟ್ಟು ಸರಿಯದಿದ್ದರೆ ತಾನಾಗಿಯೇ ಕೂಡಿಕೊಳ್ಳುತ್ತದೆ; ಅದಕ್ಕೆ ಬಿದಿರು ದಬ್ಬೆಯಾದರೇನು, ಪ್ಲಾಸ್ಟರ್ ಆದರೇನು. ಖರ್ಚು ಕಡಿಮೆ, ಅದೇ ದಿನ ಮನೆಗೆ ಬರಬಹುದು.

ತೊಡಕಿರುವುದು ಕೀಲಿನಲ್ಲೇ. ಮೊಣಕೈಯಲ್ಲಿ ಮೂರು ಮೂಳೆ ಸೇರುತ್ತವೆ. ನಿತ್ಯದ ಕೆಲಸಕ್ಕೆ ಅದು ಸುಮಾರು 30ರಿಂದ 130 ಡಿಗ್ರಿವರೆಗೆ ಮಡಚಬೇಕು, ಇಲ್ಲವಾದರೆ ಮುದ್ದೆಯ ತುತ್ತು ಬಾಯಿಗೆ ಮುಟ್ಟದು. ಕೀಲಿನ ಮೈ ಚೂರಾದಾಗ ಕಟ್ಟು ಆ ಚೂರುಗಳನ್ನು ಜಾಗಕ್ಕೆ ತರಲಾರದು. ಮೂರು ವಾರಕ್ಕಿಂತ ಹೆಚ್ಚು ಕಟ್ಟಿಟ್ಟರಂತೂ ಕೈ ಮರಗಟ್ಟುತ್ತದೆ. ಬಿಚ್ಚಿದ ಮೇಲೆ ಎಣ್ಣೆ ಹಚ್ಚಿ ಬಲವಾಗಿ ನೀವಿದರೆ ಮಾಂಸಖಂಡದೊಳಗೇ ಮೂಳೆ ಬೆಳೆಯುವ ಅಪಾಯವೂ ಉಂಟು. ಮಕ್ಕಳಿಗೆ ಮೊಣಕೈ ಮೇಲ್ಗಡೆ ಮುರಿದಾಗ ಕಟ್ಟು ಬಿಗಿಯಾದರೆ ರಕ್ತ ನಿಂತು ಬೆರಳುಗಳು ಶಾಶ್ವತವಾಗಿ ಸೆಟೆದುಕೊಳ್ಳಬಹುದು. ಜರ್ಮನಿಯ ಸರ್ಜನ್ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದಿದ್ದ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಗತಿ ಇದೇ ಅನ್ನಿ.

ಶಸ್ತ್ರಚಿಕಿತ್ಸೆಯ ಗುರಿ ಮೂಳೆ ಕೂಡಿಸುವುದಷ್ಟೇ ಅಲ್ಲ. ಕೆಲವೇ ದಿನಗಳಲ್ಲಿ ಕೈ ಆಡಿಸುವಷ್ಟು ಗಟ್ಟಿ ಮಾಡುವುದು. ಹಿಂದಿನಿಂದ ಕೊಯ್ದು, ಕಿರುಬೆರಳಿಗೆ ಹೋಗುವ ನರವನ್ನು ಪಕ್ಕಕ್ಕಿಟ್ಟು, ಎರಡು ಪ್ಲೇಟು ಕೂರಿಸುತ್ತಾರೆ. ಇದರಲ್ಲೂ ನಷ್ಟವಿದೆ: ನರ ಜೋಮು ಹಿಡಿಯಬಹುದು, ಕೀವಾಗಬಹುದು, ಒಳಗಿಟ್ಟ ಲೋಹ ಚರ್ಮಕ್ಕೆ ಚುಚ್ಚಿ ಇನ್ನೊಂದು ಆಪರೇಷನ್ ಬೇಕಾಗಬಹುದು. ಎಲ್ಲ ಸರಿಹೋದರೂ ಕೈ ಪೂರ್ತಿ ನೀಳವಾಗುವುದು ಅಪರೂಪ.

ವಯಸ್ಸಾದವರ ಲೆಕ್ಕವೇ ಬೇರೆ. ಮೊಣಕೈ ತುದಿಯ ಮೂಳೆ ಮುರಿದ 75 ದಾಟಿದವರನ್ನು ಎಡಿನ್‌ಬರೋದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದಕ್ಕೆ ಮಾಡದೆ ನೋಡಿದರು. ಆಪರೇಷನ್ ಆದವರಲ್ಲಿ ತೊಂದರೆ ಹೆಚ್ಚಾಗಿ ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು. ವರ್ಷದ ಕೊನೆಗೆ ಎರಡು ಗುಂಪಿನ ಕೈಯೂ ಹೆಚ್ಚುಕಡಿಮೆ ಒಂದೇ. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದ ಮೇಲೆ, ಇಂಥ ಅಜ್ಜಿಗೆ ಕೈಜೋಲಿ ಸಾಕು ಅನ್ನುವ ಡಾಕ್ಟರನ್ನು ಸೋಮಾರಿ ಅನ್ನಲಾರೆ. ಕೀಲು ಪುಡಿಪುಡಿಯಾದ ವೃದ್ಧರಿಗೆ ಕೃತಕ ಕೀಲು ಹಾಕಿಸಬಹುದು. ಆದರೆ ಆಮೇಲೆ ಜೀವನಪೂರ್ತಿ ಆ ಕೈಯಲ್ಲಿ ಐದು ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ. ತುಂಬಿದ ಬಿಂದಿಗೆ ಅದರ ಎರಡರಷ್ಟಾದರೂ ತೂಗುತ್ತದೆ; ಕೋಲಾರ ಜಿಲ್ಲೆಯಲ್ಲಿ ನೀರು ಹೊರುವ ಹೆಂಗಸಿಗೆ ಇದು ಸಣ್ಣ ಷರತ್ತಲ್ಲ.

ದುಡಿಯುವ ವಯಸ್ಸಿನವರ ಕೀಲು ಚೂರಾಗಿದ್ದರೆ ನನ್ನ ತಕ್ಕಡಿ ಆಪರೇಷನ್ ಕಡೆಗೇ ವಾಲುತ್ತದೆ. 2001ರ ಫೆಬ್ರವರಿ 28ರಂದು ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವವರಿಗೆ ಕೈ ಮಡಚಲೂಬೇಕು, ಚಾಚಲೂಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಆದರೆ ತಿಂಗಳುಗಟ್ಟಲೆ ವ್ಯಾಯಾಮಕ್ಕೆ ಓಡಾಡುವಾಗ ತಪ್ಪುವ ಕೂಲಿಯನ್ನು ಯಾರೂ ಕೊಡುವುದಿಲ್ಲ. ನೋವಿಗೆ ಹೆದರಿ, ಕೂಲಿಗೆ ಹೆದರಿ ವ್ಯಾಯಾಮ ಬಿಟ್ಟರೆ ಪ್ಲೇಟು ಹಾಕಿದ ಕೈಯೂ ಕಟ್ಟು ಹಾಕಿದ ಕೈಯಂತೆಯೇ ಮರಗಟ್ಟುತ್ತದೆ. ಹಾಗಾಗಿ ಸರ್ಜನ್ ಯಾರು ಎಂದು ವಿಚಾರಿಸುವವರು, ಆಪರೇಷನ್ ಆದ ಮರುವಾರದಿಂದ ತಮ್ಮೂರಿನಲ್ಲೇ ಕೈ ಆಡಿಸಿ ಕಲಿಸುವ ಫಿಸಿಯೋಥೆರಪಿಸ್ಟ್ ಯಾರಿದ್ದಾರೆ ಎಂಬುದನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.